ವಾಯುಪಡೆಯ ಹಿರಿಯರ ಪದಕಗಳಿಗೆ ಗಾಜಿನ ಪೆಟ್ಟಿಗೆ: ಯಾವುದು ಬಾಳುತ್ತದೆ, ಯಾವುದು ಕೆಡಿಸುತ್ತದೆ

ವಾಯುಪಡೆಯಲ್ಲಿ ದುಡಿದು ಬಂದ ಹಿರಿಯರು ತೀರಿಕೊಂಡ ಮೇಲೆ ಬೀರುವಿನಲ್ಲಿ ಸಿಗುವುದು ಹೆಚ್ಚಾಗಿ ಒಂದು ತಗಡಿನ ಡಬ್ಬಿ. ನಾಲ್ಕೈದು ಪದಕ, ಟೋಪಿಯ ಬ್ಯಾಡ್ಜು, ಡಿಸ್ಚಾರ್ಜ್ ಪುಸ್ತಕ, ಮನೆಗೆ ಬರೆದ ನೀಲಿ ಇನ್‌ಲ್ಯಾಂಡ್ ಪತ್ರಗಳು. ವರ್ಷಾಬ್ದಿಕದ ಹೊತ್ತಿಗೆ ಇವಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ಒಳ್ಳೆಯ ಯೋಚನೆ. ಪೆಟ್ಟಿಗೆಯ ಆಯ್ಕೆ ತಪ್ಪಿದರೆ ಮಾತ್ರ ಐವತ್ತು ವರ್ಷ ಡಬ್ಬಿಯಲ್ಲಿ ಚೆನ್ನಾಗಿದ್ದ ಪದಕ ನಾಲ್ಕೇ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತದೆ.

ಆನ್‌ಲೈನಿನಲ್ಲಿ ಸಿಗುವ ಸಿದ್ಧ ಪೆಟ್ಟಿಗೆಗಳು ಈ ಕೆಲಸಕ್ಕೆ ಬೇಡ. ಹಲವುಗಳ ಒಳಗಿನ ಆಳ ಸಾಲದು. ರಿಬ್ಬನ್ ಪಿನ್ನಿನ ದಪ್ಪವೂ ಸೇರಿದಾಗ ಪದಕದ ಮುಖ ಗಾಜಿಗೆ ತಾಗುತ್ತದೆ. ಕನಿಷ್ಠ 35 ಮಿ.ಮೀ. ಆಳ ಇರಲೇಬೇಕು. ಬೆನ್ನಿನ ಹಲಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಆಗಿದ್ದರೆ ಅದರ ಅಂಟಿನಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯೊಳಗೇ ಸುತ್ತುತ್ತ ಕಂಚನ್ನು ತಿನ್ನುತ್ತದೆ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಂತೂ ಇದು ಇನ್ನೂ ಬೇಗ. ಲೇಸರ್‌ನಲ್ಲಿ ಮುಖ ಕೆತ್ತಿದ ಅಕ್ರಿಲಿಕ್ ಫಲಕಗಳು ಹದಿಮೂರನೇ ದಿನದ ಕಾರ್ಯಕ್ಕೆ ನೋಡಲು ಚೆಂದ. ಪದಕ ಇಡುವ ಜಾಗ ಅವಲ್ಲ.

ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸುವುದೇ ಸರಿಯಾದ ದಾರಿ. ಖರ್ಚು ಹೆಚ್ಚು, ಆದರೆ ಅಷ್ಟಕ್ಕೂ ಬೆಲೆ ಇದೆ. ಕೆಲಸಗಾರರ ಕೈ ಎಷ್ಟೇ ನುರಿತದ್ದಾದರೂ ಪದಕದ ವಿಚಾರ ಅವರಿಗೆ ಹೊಸತು, ಆದ್ದರಿಂದ ನಕ್ಷೆಯನ್ನು ಮನೆಯವರೇ ಬರೆದುಕೊಂಡು ಹೋಗಬೇಕು. ದುಂಡು ಪದಕ ಸುಮಾರು 36 ಮಿ.ಮೀ. ಅಗಲ, ರಿಬ್ಬನ್ 32. ಐದು ಪದಕಗಳನ್ನು 6 ಮಿ.ಮೀ. ಬಿಟ್ಟು ಸಾಲಾಗಿಟ್ಟರೆ 204 ಮಿ.ಮೀ. ಬೇಕು, ಎರಡೂ ಬದಿಗೆ ಮೂರು ಮೂರು ಬೆರಳಗಲ ಖಾಲಿ ಬಿಟ್ಟರೆ ಕಣ್ಣಿಗೆ ಹಿತ. ಹಲಗೆಗೆ ಆಮ್ಲರಹಿತ ಮೌಂಟ್ ಬೋರ್ಡ್ (ದಪ್ಪ ರಟ್ಟು), ಮೇಲೆ ತೊಳೆದ ಹತ್ತಿ ಬಟ್ಟೆ. ಉಣ್ಣೆಯ ಫೆಲ್ಟ್ ಬೇಡ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಗಾಜು ಯುವಿ ತಡೆಯುವಂಥದ್ದೇ ಇರಲಿ, ಇಲ್ಲವಾದರೆ ರಿಬ್ಬನ್‌ನ ಬಣ್ಣ ಮಾಸುತ್ತದೆ. ಬಿಸಿಲು ಬೀಳುವ ಗೋಡೆಗೆ ಯಾವ ಗಾಜಿದ್ದರೂ ಹಾಕಬೇಡಿ.

ಅಂಗಡಿಯಲ್ಲಿ ಅತಿ ಹೆಚ್ಚು ನಡೆಯುವ ಅನಾಹುತ ಅಂಟಿನದು. ಬೇಗ ಒಣಗುವ ಸೂಪರ್ ಗ್ಲೂ ಹಚ್ಚಿದರೆ ಪದಕವನ್ನು ಮತ್ತೆ ತೆಗೆಯಲಾಗುವುದಿಲ್ಲ, ಅದರ ಆವಿ ಸುತ್ತಲೂ ಬಿಳಿ ಪೊರೆ ಕಟ್ಟುತ್ತದೆ. ರಿಬ್ಬನ್‌ನ ಹಿಂಬದಿಯಿಂದ ಹತ್ತಿ ದಾರ ಹಾಕಿ ಹೊಲಿಸಿ. ನಾಲ್ಕು ಹೊಲಿಗೆ ಸಾಕು. ಎರಡನೆಯದು ಪಾಲಿಶ್. ಪದಕವನ್ನು ಬೆರಳಲ್ಲಿ ಹಿಡಿದು ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಬಹುತೇಕ ದುಂಡು ಪದಕಗಳ ಅಂಚಿನ ಸುತ್ತ ಸೇವಾ ಸಂಖ್ಯೆ, ಆಗಿನ ಹುದ್ದೆ, ಹೆಸರು ಪುಟ್ಟ ಅಕ್ಷರಗಳಲ್ಲಿ ಇರುತ್ತವೆ. ಈ ಪದಕ ಇಂಥವರದೇ ಎಂದು ಹೇಳುವ ಗುರುತು ಅದು. ಹೊಳಪಿಗೆಂದು ಬ್ರಾಸೋ ಹಾಕಿ ಉಜ್ಜಿದಷ್ಟೂ ಆ ಅಕ್ಷರ ಸವೆಯುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಆಯಿತು, ವಯಸ್ಸಿನ ಮಂಕು ಹಾಗೇ ಇರಲಿ.

ಸಾಲಿನ ಕ್ರಮದಲ್ಲಿ ಬಹಳ ಮನೆಗಳು ಎಡವುತ್ತವೆ, ಇಸವಿ ನೋಡಿ ಜೋಡಿಸುವುದರಿಂದ. ಶ್ರೇಣಿಯಲ್ಲಿ ಮೇಲಿನ ಪದಕ ನೋಡುವವರ ಎಡಕ್ಕೆ ಬರಬೇಕು. 1965ರ ರಕ್ಷಾ ಪದಕ 1971ರ ಪೂರ್ವಿ ಸ್ಟಾರ್ ಅಥವಾ ಪಶ್ಚಿಮಿ ಸ್ಟಾರ್‌ಗಿಂತ ಹಳೆಯದಾದರೂ ಸ್ಟಾರ್‌ಗಳೇ ಮೊದಲು. ನಂತರ ರಕ್ಷಾ, 1971ರದೇ ಸಂಗ್ರಾಮ್ ಪದಕ, ಅದಾದ ಮೇಲೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, ಕೊನೆಗೆ ದೀರ್ಘಸೇವೆಯವು. ಅಲ್ಲಿಯೂ 20 ವರ್ಷದ್ದು ಮುಂದೆ, 9 ವರ್ಷದ್ದು ಹಿಂದೆ.

ಅಲಂಕಾರಕ್ಕೆಂದು ಅಂಗಡಿಯವರು ಅಂಟಿಸುವ ಚಿನ್ನದ ಬಣ್ಣದ ಜೋಡಿ ರೆಕ್ಕೆಗೆ ಒಪ್ಪಬೇಡಿ. ಅದು ಪೈಲಟ್‌ನ ಗುರುತು. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಪಡೆದು, ಇಂಜಿನ್ ಫಿಟ್ಟರ್ ಆಗಿ ವಿಮಾನವನ್ನು ಹಾರಲು ಸಜ್ಜುಗೊಳಿಸಿದ ಸಾರ್ಜೆಂಟ್‌ಗೆ ಆ ರೆಕ್ಕೆ ತೊಡಿಸಿದರೆ ಅವರ ಕೆಲಸವನ್ನೇ ಅಳಿಸಿದಂತೆ. ಫಲಕದಲ್ಲಿ ಅವರ ಟ್ರೇಡನ್ನು, ಅಂದರೆ ಮಾಡುತ್ತಿದ್ದ ಕೆಲಸವನ್ನು, ಹೆಮ್ಮೆಯಿಂದ ಬರೆಸಿ. ವಾಯುಪಡೆಯ ಧ್ಯೇಯವಾಕ್ಯ ಹಾಕಿಸುವುದಾದರೆ ಅದು ಗೀತೆಯ 11ನೇ ಅಧ್ಯಾಯದ್ದು, ‘ನಭಃ ಸ್ಪೃಶಂ ದೀಪ್ತಮ್’. ಕೆತ್ತುವವರು ಮೊದಲ ಪದದ ವಿಸರ್ಗ ನುಂಗಿಬಿಡುತ್ತಾರೆ. ಕನ್ನಡದಲ್ಲಿ ಹೆಸರು ಕೆತ್ತಿಸುವಾಗ ಇನ್ನೊಂದು ತೊಡಕು: ಯುನಿಕೋಡ್‌ನಲ್ಲಿ ಕಳಿಸಿದ ಬರಹವನ್ನು ಹಳೆಯ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಒತ್ತಕ್ಷರ ಚೆದುರುತ್ತದೆ, ಅರ್ಕಾವತ್ತು ಬೇರೆ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ ತೋರಿಸಿದ ಮೇಲೆಯೇ ಲೋಹಕ್ಕೆ ಕೈ ಹಚ್ಚಲಿ.

ಪದಕಗಳಷ್ಟೇ ಇರುವ ಪೆಟ್ಟಿಗೆಯಲ್ಲಿ ಒಬ್ಬ ಸೈನಿಕ ಮಾತ್ರ ಕಾಣುತ್ತಾನೆ. ಮನೆಯ ಮನುಷ್ಯನೂ ಕಾಣಬೇಕಾದರೆ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿಸಿ. ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದ ಎಚ್‌ಎಂಟಿ ಜನತಾ ಗಡಿಯಾರ ಅಲ್ಲಿಗೆ ಹೊಂದುತ್ತದೆ. ಅದರಲ್ಲಿ ಸೆಲ್ ಇಲ್ಲ, ಸೋರುವ ಭಯವಿಲ್ಲ. ಕ್ವಾರ್ಟ್ಜ್ ಗಡಿಯಾರವಾದರೆ ಸೆಲ್ ತೆಗೆದೇ ಇಡಿ. ಪತ್ರದ ಮೂಲವನ್ನು ಗೋಡೆಗೆ ಹಾಕಬೇಡಿ, ಬೆಳಕಿಗೆ ಶಾಯಿ ಹಾರುತ್ತದೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅದೇ ಗಾತ್ರದ ಪ್ರತಿ ಇಡಿ. ‘ಮಕ್ಕಳ ಫೀಸಿಗೆ ಮನಿಯಾರ್ಡರ್ ಕಳಿಸಿದ್ದೇನೆ’ ಎಂಬಂಥ ಸಾಲು ಕಾಣುವ ಹಾಗೆ ಮಡಿಸಿದರೆ ಮೊಮ್ಮಕ್ಕಳು ನಿಂತು ಓದುತ್ತಾರೆ. ಹಳೆಯ ಕಪ್ಪುಬಿಳುಪು ಫೋಟೋಗೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿಸಬೇಡಿ: ಅದು ರಿಬ್ಬನ್‌ಗೆ ತೋಚಿದ ಬಣ್ಣ ಬಳಿಯುತ್ತದೆ, ಬಣ್ಣ ಬದಲಾದರೆ ಪದಕವೇ ಬೇರೆಯಾಗುತ್ತದೆ. ನೆಗೆಟಿವ್‌ನಿಂದ ತೆಗೆಸಿದ ಪ್ರತಿಯಲ್ಲಿ ರಿಬ್ಬನ್‌ಗಳು ಅವರ ಬಲ ಎದೆಯ ಮೇಲೆ ಕಂಡರೆ ಚಿತ್ರ ತಿರುವುಮುರುವಾಗಿದೆ ಎಂದು ತಿಳಿಯಿರಿ.

ಪೆಟ್ಟಿಗೆಯ ಬೆನ್ನು ಮೊಳೆ ಹೊಡೆದು ಮುಚ್ಚಿದ್ದಾಗಬಾರದು, ಸ್ಕ್ರೂ ಇರಲಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲ ಮುಗಿದ ಮೇಲೆ ತೆರೆದು ಅದನ್ನು ಬದಲಿಸಿ. ಒಳಗೇ ಒಂದು ಲಕೋಟೆಯಲ್ಲಿ ಯಾವ ಪದಕ ಯಾವುದಕ್ಕೆ, ಫೋಟೋದಲ್ಲಿ ಪಕ್ಕ ನಿಂತವರು ಯಾರು ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಅದನ್ನು ಹೇಳಬಲ್ಲ ಅಜ್ಜಿ ಮನೆಯಲ್ಲಿದ್ದರೆ, ಅಂಗಡಿಗೆ ಹೋಗುವ ಮೊದಲೇ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ.