ಗುಂಡಿ, ಇಟ್ಟಿಗೆ ತೊಟ್ಟಿ, ಎರೆಹುಳು: ಚಿತ್ರದುರ್ಗದ ಹಿತ್ತಿಲಲ್ಲಿ ಮೂರು ಗೊಬ್ಬರಗಳ ಹೋಲಿಕೆ

ಚಿತ್ರದುರ್ಗದ ನಮ್ಮ ಹಿತ್ತಿಲಿನ ತರಕಾರಿ ಮಡಿಗಳಿಗಾಗಿ ಅಡುಗೆಮನೆಯ ಸಿಪ್ಪೆ, ಉದುರಿದ ಹೊಂಗೆ ಮತ್ತು ಬೇವಿನ ಎಲೆ, ಶೇಂಗಾ ಸಿಪ್ಪೆ ಹಾಗೂ ಸಗಣಿಯನ್ನೇ ಬಳಸಿ ಮೂರು ಬಗೆಯಲ್ಲಿ ಗೊಬ್ಬರ ಮಾಡಿ ನೋಡಿದ್ದೇನೆ: 3 ಅಡಿ ಆಳದ ಗುಂಡಿ, ಗಾಳಿಯಾಡಲು ಸಂದು ಬಿಟ್ಟು ಕಟ್ಟಿದ ಇಟ್ಟಿಗೆ ತೊಟ್ಟಿ ಮತ್ತು ಎರೆಹುಳು ತೊಟ್ಟಿ. ಇಟ್ಟಿಗೆ ತೊಟ್ಟಿಯೇ ಗೆಲ್ಲುತ್ತದೆಂದು ನಾನು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಆ ಲೆಕ್ಕ ತಪ್ಪಿತು.

ಗಾಳಿ ಚೆನ್ನಾಗಿ ಸಿಕ್ಕರೆ ಕಸ ಬೇಗ ಕಳಿಯುತ್ತದೆ ಎಂಬುದು ಸುಳ್ಳಲ್ಲ. ತುಂಬಿದ ನಾಲ್ಕನೆಯ ದಿನ ತೊಟ್ಟಿಯ ನಡುವೆ ಚುಚ್ಚಿ ತೆಗೆದ ಕಬ್ಬಿಣದ ಸರಳನ್ನು ಬರಿಗೈಯಲ್ಲಿ ಹಿಡಿಯಲಾಗದಷ್ಟು ಕಾವು ಏರಿತ್ತು; 55 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಕೆಲವು ದಿನ ನಿಂತರೆ ಹೆಚ್ಚಿನ ಕಳೆಬೀಜಗಳು ಸಾಯುತ್ತವೆ. ಆದರೆ ಊರ ಹತ್ತಿರದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಯೇ ನನ್ನ ತೊಟ್ಟಿಯ ಸಂದುಗಳಲ್ಲೂ ನುಗ್ಗಿ, ಮೂರನೆಯ ವಾರಕ್ಕೆ ಅಂಚಿನ ಕಸವನ್ನೆಲ್ಲ ಒಣಗಿಸಿಬಿಟ್ಟಿತು. ದಿನ ಬಿಟ್ಟು ದಿನ ನಾಲ್ಕು ಕೊಡ ನೀರು ಸುರಿದರೂ ಶೇಂಗಾ ಸಿಪ್ಪೆ ಹಾಕಿದಂತೆಯೇ ಉಳಿದಿತ್ತು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಕಾಯುವ ಮನೆಯಲ್ಲಿ ಗೊಬ್ಬರಕ್ಕೆ ಇಷ್ಟು ನೀರು ಹಾಕುವುದು ನ್ಯಾಯವೆನಿಸಲಿಲ್ಲ. ನಾನು ಆತುರಪಟ್ಟು ಆ ಅರೆಕೊಳೆತ ಸಿಪ್ಪೆಯನ್ನು ಬದನೆಯ ಬುಡಕ್ಕೆ ಬೆರೆಸಿದಾಗ ಎಲೆಗಳು ಹಳದಿಗಟ್ಟಿದವು. ಇಂಗಾಲ ಹೆಚ್ಚಿರುವ ಅಂಥ ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಗಿಡಕ್ಕೆ ಕೊರತೆಯಾಗುತ್ತದೆ. ಅದನ್ನೇ ಕೆದಕಿ ಮೇಲೆ ಹೊದಿಕೆಯಾಗಿ ಹರಡಿದ ಮೇಲೆ ಗಿಡಗಳು ನಿಧಾನವಾಗಿ ಸುಧಾರಿಸಿಕೊಂಡವು.

ಗುಂಡಿ ನಿಧಾನ. ಸಗಣಿ ಬಗ್ಗಡ ಚಿಮುಕಿಸಿ, ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿದ ಕಸ ಗೊಬ್ಬರವಾಗಲು ಆರು ತಿಂಗಳು ಹಿಡಿಯಿತು. ಕಾವು ಅಷ್ಟಾಗಿ ಏರದ ಕಾರಣ ಕಳೆಬೀಜಗಳೂ ಬದುಕುಳಿದವು. ಬಿತ್ತದೆ ಬಂದ ಟೊಮ್ಯಾಟೊ ಸಸಿಗಳನ್ನು ಮಾತ್ರ ಕಳೆಯೆಂದು ಕೀಳಲು ಮನಸ್ಸಾಗಲಿಲ್ಲ. ಗುಂಡಿಯಲ್ಲಿ ಬೇರು ತಿನ್ನುವ ಗೊಣ್ಣೆಹುಳುಗಳೂ ಸಿಕ್ಕಿದ್ದರಿಂದ ಜರಡಿ ಹಿಡಿಯುವ ಕೆಲಸ ಹೆಚ್ಚಾಯಿತು. ಆದರೂ ಏಪ್ರಿಲ್‌ನ ಬಿಸಿಲಿನಲ್ಲಿ ವಾರಕ್ಕೆ ಎರಡು ಕೊಡ ನೀರು ಅದಕ್ಕೆ ಸಾಕಾಗುತ್ತಿತ್ತು, ಮತ್ತು ಒಂದೇ ಸಲಕ್ಕೆ ಹನ್ನೆರಡು ಬುಟ್ಟಿ ಗೊಬ್ಬರ ಸಿಕ್ಕಿತು. ನಮ್ಮ ಗರಸು ಬೆರೆತ ಕೆಂಪು ಮಣ್ಣಿಗೆ ಮೊದಲು ಬೇಕಿರುವುದು ಈ ಪ್ರಮಾಣವೇ. ಗುಂಡಿಯ ಗೊಬ್ಬರ ಬಿದ್ದ ಮಡಿಗೆ ಮೂರು ದಿನಕ್ಕೊಮ್ಮೆ ನೀರು ಹಾಯಿಸಿದರೆ ಸಾಕಾಯಿತು. ಉಳಿದ ಮಡಿಗಳು ದಿನ ಬಿಟ್ಟು ದಿನ ಕೇಳಿದವು. ಆ ಮಡಿಗೆ ಗೊಬ್ಬರವೂ ಹೆಚ್ಚು ಬಿದ್ದಿತ್ತಾದ್ದರಿಂದ ಇದನ್ನು ಸರಿಸಮನಾದ ಪರೀಕ್ಷೆ ಎನ್ನಲಾರೆ.

ಎರೆಹುಳುವಿನ ಗೊಬ್ಬರದ ಗುಣಕ್ಕೆ ಉಳಿದೆರಡೂ ಸಾಟಿಯಲ್ಲ. ಮೆಂತ್ಯದ ಸಾಲು ಸಮನಾಗಿ ಮೊಳೆತದ್ದು ಅದರಲ್ಲಿ ಮಾತ್ರ. ಆದರೆ ಹಸಿ ಸಗಣಿ ಹಾಕಿದ ಮೊದಲ ಸಲ, ಅದರ ಕಾವು ತಾಳದೆ ಹುಳುಗಳು ಗೋಡೆ ಹತ್ತಿ ಹೊರಬಿದ್ದು ಸತ್ತವು. ಮುಂದಿನ ಸಲ ಕಸ ಮತ್ತು ಸಗಣಿಯನ್ನು ಇಪ್ಪತ್ತು ದಿನ ಬೇರೆಡೆ ಕೊಳೆಸಿ, ಕಾವು ಆರಿದ ಮೇಲೆ ಹಾಕಿದೆ. ನೆರಳು, ಒದ್ದೆ ಗೋಣಿಚೀಲ, ಇರುವೆ ತಡೆಯಲು ಸುತ್ತ ನೀರಿನ ಕಾಲುವೆ, ಇವೆಲ್ಲ ಬೇಕು. ನಿಂಬೆ ಸಿಪ್ಪೆ, ಉಪ್ಪು-ಎಣ್ಣೆಯ ಉಳಿಕೆ ಕೂಡದು. ಇಷ್ಟೆಲ್ಲ ಮಾಡಿದರೆ ಎರಡು ತಿಂಗಳಿಗೆ ಎರಡು ಬುಟ್ಟಿ ದೊರೆಯುತ್ತದೆ.

ಹೀಗಾಗಿ ಎರೆಗೊಬ್ಬರವನ್ನು ಸಸಿಮಡಿಗೂ ನಾಟಿ ಮಾಡುವ ಕುಳಿಗೆ ಒಂದೊಂದು ಹಿಡಿಯಂತೆಯೂ ಮೀಸಲಿಟ್ಟು, ಮಡಿಗಳಿಗೆಲ್ಲ ಗುಂಡಿಯ ಗೊಬ್ಬರವನ್ನೇ ಹಾಕುತ್ತಿದ್ದೇನೆ. ಇಟ್ಟಿಗೆ ತೊಟ್ಟಿಯನ್ನು ಕೆಡವಿಲ್ಲ. ಗಾಳಿಯ ತಿಂಗಳುಗಳಲ್ಲಿ ಅದು ಒಣ ಎಲೆಯ ಕಣಜವಾಗಿರುತ್ತದೆ. ಸೆಪ್ಟೆಂಬರ್‌ನ ಮಳೆ ಹಿಡಿದ ಮೇಲೆಯೇ ಅದರಲ್ಲಿ ಗೊಬ್ಬರಕ್ಕೆ ಕಸ ತುಂಬುತ್ತೇನೆ.