ಆಂಟುಟು ಸ್ಕೋರ್ ನೋಡಿ ಫೋನ್ ಕೊಳ್ಳುವವರು ಇದನ್ನೊಮ್ಮೆ ಓದಿ

ಎರಡು ಫೋನ್‌ಗಳ ಆಂಟುಟು ಸ್ಕೋರ್ (ಫೋನಿನ ವೇಗ ಅಳೆಯುವ ಆಂಟುಟು ಆ್ಯಪ್ ಕೊಡುವ ಅಂಕ) ಪಕ್ಕಪಕ್ಕ ಇಟ್ಟು, ಜಾಸ್ತಿ ಇರುವುದನ್ನೇ ಆರಿಸುವವರು ದಯವಿಟ್ಟು ಸ್ವಲ್ಪ ತಡೆಯಿರಿ. ನನ್ನ ತಮ್ಮನಿಗೆ ಆದದ್ದು ನಿಮಗೂ ಆಗಬಾರದು.

ಅವನು ಕಲಬುರಗಿಯಲ್ಲಿ ಬೈಕ್ ಮೇಲೆ ಊಟದ ಡೆಲಿವರಿ ಮಾಡುತ್ತಾನೆ. ದಿನವಿಡೀ ಮ್ಯಾಪ್ ಆನ್, ಡೇಟಾ ಆನ್, ಫೋನ್ ಹ್ಯಾಂಡಲ್ ಮೇಲಿನ ಹೋಲ್ಡರ್‌ನಲ್ಲಿ. ‘ಇದರ ಸ್ಕೋರ್ ಅದಕ್ಕಿಂತ ಎಷ್ಟೋ ಮೇಲೈತ್ರಿ, ಕಣ್ಣು ಮುಚ್ಚಿ ತಗೊಳ್ರಿ’ ಎಂದು ಅಂಗಡಿಯವರು ದುಬಾರಿ ಫೋನನ್ನೇ ಕೊಟ್ಟರು. ಮೊದಮೊದಲು ಚುರುಕಾಗೇ ಇತ್ತು. ಏಪ್ರಿಲ್ ಬಿಸಿಲು ಏರಿದ ಮೇಲೆ ಬಣ್ಣ ಬಯಲಾಯಿತು. ಮಧ್ಯಾಹ್ನದ ಹೊತ್ತಿಗೆ ಹಿಂಬದಿ ಮುಟ್ಟಲಾಗದಷ್ಟು ಕಾದಿರುತ್ತಿತ್ತು. ಸ್ಕ್ರೀನ್ ತಾನಾಗೇ ಮಂಕಾಗುತ್ತಿತ್ತು. ಮ್ಯಾಪಿನ ಬಾಣ ನಿಂತಲ್ಲೇ ನಿಂತು, ತಿರುವು ದಾಟಿದ ಮೇಲೆ ಜಿಗಿಯುತ್ತಿತ್ತು. ಜೊತೆಗಾರನ ಕಡಿಮೆ ಸ್ಕೋರಿನ ಫೋನ್ ಅದೇ ಬಿಸಿಲಲ್ಲಿ, ಅದೇ ಆ್ಯಪ್‌ನಲ್ಲಿ ಆರಾಮಾಗಿ ನಡೆಯುತ್ತಿತ್ತು. ಸರ್ವಿಸ್ ಸೆಂಟರಿನವರು ಎಸಿ ರೂಮಲ್ಲಿ ನೋಡಿ ‘ಫೋನ್ ಸರಿ ಇದೆ’ ಎಂದು ವಾಪಸ್ ಕಳಿಸಿದರು. ದುಡಿಯುವ ಹುಡುಗನಿಗೆ ಇದು ಸಣ್ಣ ನಷ್ಟ ಅಲ್ಲ.

ಆಗುವುದು ಇಷ್ಟೇ. ಸ್ಕೋರ್ ತೆಗೆಯುವ ಟೆಸ್ಟ್ ಕೆಲವೇ ನಿಮಿಷಗಳದ್ದು. ಅಷ್ಟು ಹೊತ್ತು ಪ್ರೊಸೆಸರ್ ಪೂರ್ತಿ ಜೋರಿನಲ್ಲಿ ಓಡುತ್ತದೆ. ಆದರೆ ದಿನವಿಡೀ ಬಳಸುವಾಗ ಬಿಸಿ ಮಿತಿ ಮೀರಿದರೆ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಇದೇ ಥ್ರಾಟ್ಲಿಂಗ್. ಪ್ರೊಸೆಸರ್ ಚಿಪ್ ಯಾವ ಫ್ಯಾಕ್ಟರಿಯಲ್ಲಿ ತಯಾರಾಯಿತು ಅನ್ನುವುದೂ ಇಲ್ಲಿ ಮುಖ್ಯ. 2021ರ ಕೊನೆಗೆ ಬಂದ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಚಿಪ್ ಸ್ಯಾಮ್‌ಸಂಗ್ ಫ್ಯಾಕ್ಟರಿಯದು, 2022ರಲ್ಲಿ ಬಂದ 8 ಪ್ಲಸ್ ಜೆನ್ 1 ತೈವಾನಿನ ಟಿಎಸ್ಎಂಸಿ ಕಂಪನಿಯದು. ವಿನ್ಯಾಸ ಹೆಚ್ಚುಕಡಿಮೆ ಒಂದೇ, ಆದರೆ ಎರಡನೆಯದು ಕಡಿಮೆ ಕರೆಂಟ್ ತಿಂದು ತಣ್ಣಗಿರುತ್ತಿತ್ತು.

ಸ್ಕೋರನ್ನೇ ನಂಬದಿರಲು ಇನ್ನೊಂದು ಕಾರಣವೂ ಇದೆ. 2021ರಲ್ಲಿ ಒನ್‌ಪ್ಲಸ್ 9 ಫೋನ್‌ಗಳು ಜನ ಬಳಸುವ ಆ್ಯಪ್‌ಗಳ ವೇಗ ತಗ್ಗಿಸಿ, ಟೆಸ್ಟ್ ಆ್ಯಪ್‌ಗಳನ್ನು ಮಾತ್ರ ಬಿಟ್ಟಿದ್ದು ಬಯಲಾಯಿತು. 2022ರಲ್ಲಿ ಸ್ಯಾಮ್‌ಸಂಗ್‌ನ ಎಸ್22 ಮತ್ತು ಹಿಂದಿನ ಕೆಲವು ಎಸ್ ಫೋನ್‌ಗಳದ್ದೂ ಇದೇ ಕಥೆ. ಎರಡೂ ಸಲ ಗೀಕ್‌ಬೆಂಚ್ ಎಂಬ ಟೆಸ್ಟ್ ಆ್ಯಪ್‌ನವರು ಆ ಫೋನ್‌ಗಳನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು.

ಹಾಗಾದ್ರೆ ಏನು ನೋಡಬೇಕು? ತ್ರೀಡಿಮಾರ್ಕ್ ಎಂಬ ಟೆಸ್ಟ್ ಆ್ಯಪ್‌ನಲ್ಲಿ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಇದೆ. ಒಂದೊಂದು ನಿಮಿಷದ 20 ಸುತ್ತು ಓಡಿಸಿ, ಅತಿ ಕಡಿಮೆ ಬಂದ ಸುತ್ತು ಅತಿ ಹೆಚ್ಚು ಬಂದ ಸುತ್ತಿನ ಶೇಕಡಾ ಎಷ್ಟು ಅಂತ ಹೇಳುತ್ತದೆ. ಅದು ನೂರಕ್ಕೆ ಹತ್ತಿರ ಇದ್ದಷ್ಟೂ ವೇಗ ಕಡಿಮೆ ಇಳಿದಿದೆ ಅಂತ ಅರ್ಥ. ಕೊಳ್ಳುವ ಮೊದಲೇ ಯೂಟ್ಯೂಬ್‌ನಲ್ಲಿ ನಿಮ್ಮ ಮಾಡೆಲ್‌ನ ಈ ಟೆಸ್ಟ್ ಹುಡುಕಿ. ಶೇಕಡಾ ಅಂಕಿ ಒಂದೇ ಸಾಲದು, ಕೊನೆಯ ಸುತ್ತಿನ ಸ್ಕೋರನ್ನೂ ಹೋಲಿಸಿ. ಕಡಿಮೆ ಬೆಲೆಯ ಫೋನಾದರೆ ಸ್ಟೋರೇಜ್ ನಿಧಾನದ ಇಎಂಎಂಸಿಯೋ ವೇಗದ ಯುಎಫ್ಎಸ್ಸೋ ಅಂತಲೂ ಕೇಳಿ. ಆ್ಯಪ್ ತೆರೆಯುವ ವೇಗ ಅದರ ಮೇಲೂ ನಿಂತಿದೆ.

ಫೋನ್ ಕೈಗೆ ಬಂದ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಈ ಟೆಸ್ಟನ್ನು ನೀವೇ ಒಮ್ಮೆ ಓಡಿಸಿ. ಫ್ಯಾನ್ ಕೆಳಗೆ ಬೇಡ. ಕವರ್ ಹಾಕಿ, ಡೇಟಾ ಆನ್ ಮಾಡಿ, ನೀವು ದಿನಾ ಬಳಸುವ ಹಾಗೇ ಓಡಿಸಿ, ಫಲಿತಾಂಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.