ಫಿಟ್ಸ್ ಮಾತ್ರೆಯನ್ನು ವಿಟಮಿನ್ ಎಂದು ಹೇಳಿ ನಾಯಿ ಮಾರಿದರು: ದಯವಿಟ್ಟು ಎಚ್ಚರ

ಬೆಳೆದ ನಾಯಿಯನ್ನು ಬೇರೆಯವರ ಮನೆಯಿಂದ ತರಲು ಹೊರಟವರು ಇದನ್ನು ಪೂರ್ತಿ ಓದಿ. ಬರೆಯುವಾಗಲೂ ಕೈ ನಡುಗುತ್ತಿದೆ, ಸಿಟ್ಟಿಗೋ ನಾಚಿಕೆಗೋ ಗೊತ್ತಿಲ್ಲ. ನಾಯಿ ಸಾಕಿ ಅನುಭವವಿರುವವರು ನಾವು. ನಮ್ಮನ್ನೇ ಹೀಗೆ ಯಾಮಾರಿಸಿದರೆ ಮೊದಲ ಸಲ ನಾಯಿ ತರುವವರ ಗತಿ ಏನು?

ಮೂರು ವರ್ಷದ ಪಾಮೇರಿಯನ್. ಒಬ್ಬ ಹೆಂಗಸು ಫೋಟೋ ಹಾಕಿದ್ದರು, ವಿಚಾರಿಸಿದೆವು, ಹೋಗಿ ನೋಡಿದೆವು. ಇಂಥ ವ್ಯವಹಾರ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತೇ ಇದೆ. ಮನೆ ಬದಲಾಯಿಸುತ್ತಿದ್ದಾರಂತೆ, ಹೊಸ ಮನೆಯಲ್ಲಿ ನಾಯಿ ಇಟ್ಟುಕೊಳ್ಳಲು ಬಿಡುವುದಿಲ್ಲವಂತೆ, ಒಳ್ಳೆಯವರ ಕೈ ಸೇರಲಿ ಎಂಬುದಷ್ಟೇ ಆಸೆಯಂತೆ. ಲಸಿಕೆಯ ಪುಸ್ತಕ ಕೇಳಿದರೆ, ಸಾಮಾನು ಕಟ್ಟುವಾಗ ಎಲ್ಲೋ ಸೇರಿಹೋಗಿದೆ, ಸಿಕ್ಕ ಕೂಡಲೇ ಕಳುಹಿಸುತ್ತೇನೆ ಎಂದರು. ಆ ಪುಸ್ತಕವನ್ನು ಇನ್ನೂ ಹುಡುಕುತ್ತಲೇ ಇದ್ದಾರೆ.

"ನೋಡಿ ಅಕ್ಕಾ, ಇಷ್ಟು ಶಾಂತವಾದ ನಾಯಿ ನಿಮಗೆ ಎಲ್ಲಿಯೂ ಸಿಗುವುದಿಲ್ಲ. ಗಲಾಟೆಯೇ ಇಲ್ಲ, ಮಲಗಿದ ಕಡೆ ಮಲಗಿರುತ್ತದೆ. ಹಾಕಿದ್ದನ್ನೆಲ್ಲ ತಿನ್ನುತ್ತದೆ. ನೀರು ಎಷ್ಟು ಚೆನ್ನಾಗಿ ಕುಡಿಯುತ್ತದೆ ಗೊತ್ತೇ!" ನೀರು ಕುಡಿಯುವುದನ್ನೂ ಒಂದು ಗುಣವೆಂದು ಹೊಗಳಿದಾಗ ನಾವು ನಕ್ಕಿದ್ದೆವು. ನಡೆಯುವಾಗ ಹಿಂಗಾಲು ಸ್ವಲ್ಪ ಜೋಲಿ ಹೊಡೆಯುತ್ತಿತ್ತು. ಕೇಳಿದ್ದಕ್ಕೆ "ನೆಲ ನುಣುಪಲ್ಲವೇ ಅಕ್ಕಾ, ಜಾರುತ್ತದೆ" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

ಹೊರಡುವಾಗ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೈಗಿತ್ತರು. ಒಳಗೆ ಬಿಳಿಯ ಮಾತ್ರೆಗಳು. ಒಂದೂ ಇಡಿಯಾಗಿರಲಿಲ್ಲ, ಎಲ್ಲವನ್ನೂ ಬ್ಲೇಡಿನಿಂದ ಸರಿಯಾಗಿ ಎರಡು ಹೋಳು ಮಾಡಿದ್ದರು, ತಳದಲ್ಲಿ ಅದರ ಪುಡಿ. ಚೀಟಿಯಿಲ್ಲ, ಹೆಸರಿಲ್ಲ. "ನರಗಳಿಗೆ ವಿಟಮಿನ್ ಅಕ್ಕಾ. ಬೆಳಿಗ್ಗೆ ಎಂಟಕ್ಕೆ ಅರ್ಧ, ರಾತ್ರಿ ಎಂಟಕ್ಕೆ ಅರ್ಧ. ಹೊತ್ತು ಮಾತ್ರ ತಪ್ಪಿಸಬೇಡಿ. ಡಬ್ಬಿ ಮುಗಿದರೆ ಸಾಕು, ಆಮೇಲೆ ಬೇಕಾಗಿಲ್ಲ."

ಆಮೇಲೆ ಬೇಕಾಗಿಲ್ಲ! ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೇಳಿದಂತೆಯೇ ಕೊಟ್ಟೆವು. ಡಬ್ಬಿ ಖಾಲಿಯಾದ ಬೆನ್ನಿಗೇ ಒಂದು ನಡುರಾತ್ರಿ ಉಗುರು ನೆಲಕ್ಕೆ ಪರಪರ ಉಜ್ಜುವ ಸದ್ದು. ದೀಪ ಹಾಕಿದರೆ ನಾಯಿ ಮಗ್ಗುಲಿಗೆ ಬಿದ್ದಿದೆ. ನಾಲ್ಕು ಕಾಲುಗಳೂ ಓಡುತ್ತಿರುವಂತೆ ಬಡಿದುಕೊಳ್ಳುತ್ತಿವೆ, ದವಡೆ ಕಟಕಟ ಕಡಿಯುತ್ತಿದೆ, ಬಾಯಿ ತುಂಬ ನೊರೆ, ಕೆಳಗೆಲ್ಲ ಮೂತ್ರ. ಕಣ್ಣು ತೆರೆದೇ ಇತ್ತು, ಆದರೆ ಕರೆದರೆ ಗುರುತಿಲ್ಲ. ಸೆಳೆತ ನಿಂತ ಮೇಲೆ ಎದ್ದು ಗೋಡೆಗೆ ಢಿಕ್ಕಿ ಹೊಡೆಯುತ್ತ, ಕಣ್ಣು ಕಾಣದ ಹಾಗೆ ಕೋಣೆಯನ್ನೆಲ್ಲ ಸುತ್ತಿತು. ಬೆಳಗಾಗುವುದರೊಳಗೆ ಮತ್ತೊಮ್ಮೆ ಬಂತು.

ಪಶುವೈದ್ಯರು ಮೊದಲು ಸೆಳೆತ ನಿಲ್ಲಿಸುವ ಚುಚ್ಚುಮದ್ದು ಕೊಟ್ಟರು. ಆಮೇಲೆ ಪ್ರಶ್ನೆಗಳು. ವಿಷವೇನಾದರೂ ತಿಂದಿದೆಯೇ? ಕ್ಸಿಲಿಟಾಲ್ ಎಂಬ, ನಾಯಿಗೆ ವಿಷವಾಗುವ ಸಿಹಿಪದಾರ್ಥ ಇರುವ ಚೂಯಿಂಗ್ ಗಮ್? ಉಣ್ಣಿ, ಚಿಗಟದ ಮಾತ್ರೆ ಕೊಟ್ಟಿದ್ದೀರಾ? (ಆ ಮಾತ್ರೆಗಳಲ್ಲಿ ಒಂದು ಗುಂಪಿನವು ಕೆಲವು ನಾಯಿಗಳಿಗೆ ಸೆಳೆತ ತರಬಹುದೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲೇ ಎಚ್ಚರಿಸಿದೆಯಂತೆ.) ರಕ್ತದ ಸಕ್ಕರೆ ನೋಡಿದರು, ಸರಿಯಿತ್ತು. ಸಣ್ಣ ಜಾತಿಯ ನಾಯಿಗಳಲ್ಲಿ ಹುಟ್ಟಿನಿಂದಲೇ ಯಕೃತ್ತಿನ ರಕ್ತನಾಳದ ದೋಷವಿದ್ದರೂ ಫಿಟ್ಸ್ ಬರುತ್ತದೆಂದು ಅದನ್ನೂ ನೋಡಿದರು. ಯಕೃತ್ತಿನ ವರದಿಯಲ್ಲಿ ಒಂದು ಅಂಕಿ ಏರಿತ್ತು. ಅದನ್ನು ನೋಡಿದವರೇ ಕಾಗದ ಕೆಳಗಿಟ್ಟು ಕೇಳಿದರು:

"ಇದು ಯಾವಾಗಲೂ ಮಂಕಾಗಿರುತ್ತಿತ್ತೇ?" ಹೌದು, ಶಾಂತ ಸ್ವಭಾವ.

"ಹಸಿವು ಜಾಸ್ತಿಯೇ?" ಹೌದು, ಹಾಕಿದ್ದನ್ನೆಲ್ಲ ತಿನ್ನುತ್ತದೆ.

"ನೀರು?" ತುಂಬ ಕುಡಿಯುತ್ತದೆ.

"ಹಿಂಗಾಲು ತೂರಾಡುತ್ತಿತ್ತೇ?"

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಆ ಹೆಂಗಸು ಒಂದೊಂದಾಗಿ ಹೊಗಳಿ ಹೊಗಳಿ ಹೇಳಿದ್ದು ನಾಯಿಯ ಗುಣವನ್ನಲ್ಲ, ಔಷಧದ ಅಡ್ಡಪರಿಣಾಮಗಳನ್ನು! ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ವಿಟಮಿನ್ ಎಂದಿದ್ದರು ಡಾಕ್ಟರೇ ಎಂದು ಹೇಳುವಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರಕ್ತ ಪರೀಕ್ಷೆಗೆ ಹೋಯಿತು. ಫೀನೋಬಾರ್ಬಿಟಾಲ್ ಇತ್ತು. 1912ರಿಂದ ಮನುಷ್ಯರ ಅಪಸ್ಮಾರಕ್ಕೂ ಕೊಡುತ್ತ ಬಂದಿರುವ ಔಷಧ, ವೈದ್ಯರ ಚೀಟಿಯಿಲ್ಲದೆ ಕೊಡುವಂಥದ್ದಲ್ಲ. ನಾಯಿಗೆ ಇದನ್ನು ಹನ್ನೆರಡು ಗಂಟೆಗೊಮ್ಮೆ ಕೊಡುತ್ತಾರೆ. ಒಗ್ಗಿದ ಮೇಲೆ ಹಠಾತ್ತನೆ ನಿಲ್ಲಿಸಿದರೆ ಆ ನಿಲ್ಲಿಸುವಿಕೆಯೇ ಫಿಟ್ಸ್ ತರುತ್ತದೆ, ಮೊದಲಿಗಿಂತ ಜೋರಾಗಿ, ಒಂದರ ಹಿಂದೆ ಒಂದು. ಬಿಡಿಸುವುದಿದ್ದರೂ ವೈದ್ಯರು ಪ್ರಮಾಣವನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತಾರೆ. ಇವರಿಗೆ ಅದು ಗೊತ್ತಿರಲಿಲ್ಲವೇ? ಎಂಟಕ್ಕೆ ಎಂಟಕ್ಕೆ ಎಂದು ಗಡಿಯಾರ ಹಿಡಿದು ಹೇಳಿಕೊಟ್ಟವರಿಗೆ?

ಈಗ ಅವರ ಉತ್ತರಗಳನ್ನು ಕೇಳಿ. ಮೊದಲು: "ನಮ್ಮ ಮನೆಯಲ್ಲಿ ಒಂದು ದಿನವೂ ಹೀಗೆ ಆಗಿರಲಿಲ್ಲ ಮೇಡಂ, ನೀವು ಏನು ತಿನ್ನಿಸಿದಿರೋ." ರಕ್ತದ ವರದಿ ಕಳುಹಿಸಿದೆ. ನೋಡಿದರು, ಸುಮ್ಮನಾದರು. ಮರುದಿನ ಹೊಸ ಕಥೆ: "ಆ ಮಾತ್ರೆ ನಮ್ಮ ಅತ್ತೆಯವರದ್ದು ಮೇಡಂ, ಡಬ್ಬಿ ಅದಲುಬದಲಾಗಿರಬೇಕು." ಹಾಗಾದರೆ ನನ್ನ ಕೈಗೆ ಬರುವ ಮೊದಲೇ ನಾಯಿ ಮಂಕಾಗಿದ್ದದ್ದು, ತೂರಾಡಿದ್ದು ಯಾರ ಮಾತ್ರೆಯಿಂದ? ಅತ್ತೆಯವರು ನುಂಗಿದ್ದರಿಂದಲೇ? ಇದಕ್ಕೆ ಉತ್ತರವಿಲ್ಲ. ಹಣದ ಮಾತೆತ್ತಿದಾಗ: "ನಾವು ಮಾರಿಲ್ಲ, ದತ್ತು ಕೊಟ್ಟದ್ದು. ನೀವು ಕೊಟ್ಟದ್ದು ಪಂಜರ, ಹಾಸಿಗೆಯ ಲೆಕ್ಕಕ್ಕೆ." ಕೊನೆಯದನ್ನು ಓದಿ ಮೈ ಉರಿದುಹೋಯಿತು: "ನಿಮಗೆ ಬೇಡವಾದರೆ ವಾಪಸು ತಂದುಬಿಡಿ ಮೇಡಂ, ಕೇಳುವವರು ಬೇರೆ ಇದ್ದಾರೆ." ಇನ್ನೊಂದು ಡಬ್ಬಿ ತುಂಬಿಸಿ ಇನ್ನೊಬ್ಬರಿಗೆ ಸಾಗಹಾಕುವುದಕ್ಕೆ! ಕೊಡುವುದಿಲ್ಲ. ನಾಯಿ ನಮ್ಮ ಮನೆಯಲ್ಲೇ ಇರುತ್ತದೆ.

ಕಾಯಿಲೆ ಇದೆ ಎಂಬುದಕ್ಕೆ ನನಗೆ ಸಿಟ್ಟಿಲ್ಲ. ಫಿಟ್ಸ್ ಇರುವ ಎಷ್ಟೋ ನಾಯಿಗಳು ಮಾತ್ರೆ ತಿಂದುಕೊಂಡು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಬಾಯಿಬಿಟ್ಟು ಹೇಳಿದ್ದರೆ ತಂದರೂ ತರುತ್ತಿದ್ದೆವು. ಹತೋಟಿಯಲ್ಲಿದ್ದ ಕಾಯಿಲೆಯನ್ನು ಸುಳ್ಳು ಹೇಳಿ ಪ್ರಾಣಕ್ಕೆ ತಂದಿಟ್ಟರಲ್ಲ, ಅದಕ್ಕೆ.

ತರುವವರಿಗೆ ಹೇಳುವುದಿಷ್ಟು. ನಾಯಿಯ ಜೊತೆ ಯಾವ ಮಾತ್ರೆ ಕೊಟ್ಟರೂ ಅದು ಬಂದ ಸ್ಟ್ರಿಪ್ ಮತ್ತು ವೈದ್ಯರ ಚೀಟಿ ಕೇಳಿ. ಹಣ ಕೊಡುವ ಮೊದಲು ಅದನ್ನು ನೋಡುತ್ತಿದ್ದ ವೈದ್ಯರೊಡನೆ ನೀವೇ ಮಾತನಾಡಿ. ಅತಿ ಶಾಂತ, ಅತಿ ಹಸಿವು, ಅತಿ ನೀರು ಮೂರೂ ಒಟ್ಟಿಗಿದ್ದರೆ ಅಲ್ಲಿಂದ ಎದ್ದು ಬನ್ನಿ, ಅಥವಾ ರಕ್ತ ಪರೀಕ್ಷೆ ಮಾಡಿಸಿ.

ಫಿಟ್ಸ್ ಬಂದೇಬಿಟ್ಟರೆ ಬಾಯೊಳಗೆ ಕೈ ಹಾಕಬೇಡಿ, ನಾಯಿ ನಾಲಿಗೆ ನುಂಗುವುದಿಲ್ಲ, ನಿಮ್ಮ ಬೆರಳು ಮಾತ್ರ ಹೋಗುತ್ತದೆ. ನೀರು ಕುಡಿಸಬೇಡಿ. ಬಡಿದುಕೊಳ್ಳುವ ಸಾಮಾನು ಸರಿಸಿ, ಗಡಿಯಾರ ನೋಡಿ, ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಲಿ, ವೈದ್ಯರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಐದು ನಿಮಿಷ ದಾಟಿದರೆ ಅಥವಾ 24 ಗಂಟೆಯೊಳಗೆ ಎರಡನೆಯದು ಬಂದರೆ ಕಾಯಬೇಡಿ, ರಾತ್ರಿಯಾದರೂ ಎತ್ತಿಕೊಂಡು ಓಡಿ.

ಈಗ ಮಾತ್ರೆ ಮತ್ತೆ ಶುರುವಾಗಿದೆ. ರಕ್ತದಲ್ಲಿ ಅದು ಒಂದು ಮಟ್ಟಕ್ಕೆ ನಿಲ್ಲಲು ಎರಡು ವಾರ ಬೇಕು, ಆಮೇಲೆ ಮತ್ತೆ ಪರೀಕ್ಷೆ. ಮೊದಲ ಫಿಟ್ಸ್ ಯಾವ ವಯಸ್ಸಿನಲ್ಲಿ ಬಂತು ಎಂದು ವೈದ್ಯರು ಕೇಳುತ್ತಲೇ ಇದ್ದಾರೆ. ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾದದ್ದಾದರೆ, ಬೇರೆ ಕಾರಣ ಸಿಗದಿದ್ದಾಗ, ಕಾರಣ ತಿಳಿಯದ ಅಪಸ್ಮಾರವೆಂದು (ಇಡಿಯೋಪಥಿಕ್) ಒಂದು ದಾರಿ ಹಿಡಿಯಬಹುದಂತೆ. ನಾನು ಏನು ಹೇಳಲಿ? ನಿಮ್ಮ ಹಣ ನೀವೇ ಇಟ್ಟುಕೊಳ್ಳಿ, ಹಳೆಯ ವೈದ್ಯರ ಹೆಸರೊಂದನ್ನು ಕೊಡಿ ಎಂದು ಆ ಹೆಂಗಸಿಗೆ ಬರೆದೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾರೆ.